ಫೋನಿನಲ್ಲಿ ತೆರೆಯದ ಸೀರೆಗಳು

ಮುಂಡರಗಿಯಿಂದ ಮೈದುನನ ಹೆಂಡತಿ ಬರುವ ತನಕ ನಮ್ಮ ಬೆಟಗೇರಿ ಮನೆಯ ಕಂಪ್ಯೂಟರ್ ನನ್ನದೇ ಎಂಬಂತಿತ್ತು. ಅತ್ತೆಗೆ ನಾನು ದೊಡ್ಡಾಕಿ, ಅವಳು ಸಣ್ಣಾಕಿ. ಸಣ್ಣಾಕಿ ಕಂಪ್ಯೂಟರ್ ಓದಿಯೇ ಬಂದವಳು. ಅವಳ ಬೆರಳು ಕೀಲಿಗಳ ಮೇಲೆ ಓಡುವ ಸಪ್ಪಳ ಕೇಳಿದರೆ ಅಡುಗೆಮನೆಯಲ್ಲಿ ನನ್ನ ರೊಟ್ಟಿ ಹರಿಯುತ್ತಿತ್ತು.

ನನಗೂ ಬರುತ್ತದೆಂದು ತೋರಿಸಲಿಕ್ಕೇ ವಿಡಿಯೊ ನೋಡಿ ನೋಡಿ ಒಂದು ಪುಟ ಕಟ್ಟಿದೆ. ನಮ್ಮ ಮಗ್ಗದ ಸೀರೆಗಳ ಚಿತ್ರ, ಒಂದೊಂದರ ಸೆರಗು, ಅಂಚು, ಕೆಳಗೆ ನನ್ನ ಮಾತು. ಇಂಟರ್ನೆಟ್ಟಿಗೆ ಇನ್ನೂ ಏರಿಸಿರಲಿಲ್ಲ. 127.0.0.1 ಎಂಬ ವಿಳಾಸ ಹೊಡೆದರೆ ನಮ್ಮ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತಿತ್ತು.

ಶಿರಹಟ್ಟಿಯಿಂದ ಅತ್ತೆಯ ತಂಗಿ ಬಂದಿದ್ದರು. ಕುಳಿತಲ್ಲೇ ನೋಡಲೆಂದು ಅವರ ಫೋನಿಗೆ ನಮ್ಮ ವೈಫೈ ಕೊಟ್ಟು ಅದೇ ವಿಳಾಸ ಹೊಡೆದೆ. ಬರಲಿಲ್ಲ. ಮತ್ತೆ ಹೊಡೆದೆ.

"ಏನೂ ಕಾಣವಲ್ದಲ್ಲವಾ," ಎಂದರು ಅವರು.

ಸಣ್ಣಾಕಿ ಬಂದು ಇಣುಕಿದಳು. "ಅಕ್ಕಾರ, ಆ ವಿಳಾಸ ಅಂದ್ರ 'ನಾನ' ಅಂದಂಗರಿ. ಕಂಪ್ಯೂಟರಿನಾಗ ಹೊಡದ್ರ ಕಂಪ್ಯೂಟರು ತನ್ನೊಳಗ ಹುಡುಕತೈತಿ. ಫೋನಿನಾಗ ಹೊಡದ್ರ ಫೋನು ತನ್ನೊಳಗ ಹುಡುಕತೈತಿ. ಫೋನಿನಾಗ ಸೀರಿ ಎಲ್ಲ್ಯದಾವ್ರಿ?"

ಎಲ್ಲರೂ ನಕ್ಕರು. ಅವಳ ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಅದು ಇನ್ನೂ ಉರಿಸಿತು.

ನನ್ನ ಕುರ್ಚಿಯಲ್ಲಿ ಕುಳಿತು, ಪುಟ ಮನೆಯ ಬೇರೆ ಫೋನುಗಳಿಗೂ ಸಿಗುವಂತೆ ಬದಲಿಸಿದಳು. ವೈಫೈ ನಮ್ಮ ಕಂಪ್ಯೂಟರಿಗೆ ಕೊಟ್ಟಿದ್ದ ವಿಳಾಸ ಹುಡುಕಿ ಫೋನಿಗೆ ಹಾಕಿದಳು. ತೆರೆಯಲಿಲ್ಲ. ಅವಳಿಗೂ ಬರಲಿಲ್ಲವಲ್ಲ ಎಂದು ನನ್ನ ಹೊಟ್ಟೆ ತಣ್ಣಗಾಯಿತು.

"ಫೈರ್‌ವಾಲ್ ತಡದೈತ್ರಿ. ಹೊರಗಿಂದ ಯಾರ ಬಂದ್ರೂ ಕೇಳದ ಒಳಗ ಬಿಡಂಗಿಲ್ಲ ಅದು. ಮೊದಲ ಒಮ್ಮೆ ಪರವಾನಗಿ ಕೇಳಿತ್ತೇನ್ರಿ?"

ಕೇಳಿತ್ತು. ಹೆದರಿ ಬೇಡವೆಂದು ಒತ್ತಿದ್ದೆ. "ನೆನಪಿಲ್ಲವಾ," ಎಂದೆ.

ಅವಳು ಫೈರ್‌ವಾಲನ್ನು ಪೂರ್ತಿ ತೆಗೆಯಲಿಲ್ಲ. ಆ ಒಂದು ಪ್ರೋಗ್ರಾಮಿಗೆ, ಅದೂ ಮನೆಯ ವೈಫೈಯಲ್ಲಿ ಮಾತ್ರ, ದಾರಿ ಬಿಟ್ಟಳು. ಸೀರೆಗಳು ಫೋನಿಗೆ ಬಂದವು.

"ನಮ್ಮ ಸಣ್ಣಾಕಿ ಮಾಡ್ಯಾಳ ನೋಡ," ಎಂದರು ಅತ್ತೆ, ತಂಗಿಗೆ.

ಚಿತ್ರ ತೆಗೆದವಳು ನಾನು, ಬರೆದವಳು ನಾನು. ಆ ದಿನ ನನಗೆ ಊಟ ಸೇರಲಿಲ್ಲ.

ಮುಂದೆ ಅವಳು ತವರಿಗೆ ಹೋದಾಗ ಅತ್ತೆಯ ಫೋನಿನಲ್ಲಿ ಪುಟ ಮತ್ತೆ ನಿಂತಿತು.

"ಸಣ್ಣಾಕಿಗೆ ಫೋನ್ ಹಚ್ಚಲೇನ?"

"ಬ್ಯಾಡ್ರಿ ಅತ್ತಿ, ನಾ ನೋಡ್ತೀನಿ."

ಕರೆಂಟು ಹೋಗಿ ಬಂದಿತ್ತು. ವೈಫೈ ನಮ್ಮ ಕಂಪ್ಯೂಟರಿಗೆ ಬೇರೆ ವಿಳಾಸ ಕೊಟ್ಟಿತ್ತು. ಅವಳು ಮಾಡಿದ್ದನ್ನು ನೆನೆನೆನೆದು ಹೊಸದನ್ನು ಹುಡುಕಿ ಹಾಕಿದೆ. ತೆರೆಯಿತು.

ಅತ್ತೆ ಮುಂಡರಗಿಗೆ ಫೋನು ಹಚ್ಚಿಯೇ ಬಿಟ್ಟರು. "ದೊಡ್ಡಾಕಿ ತಾನ ಸರಿ ಮಾಡಿದ್ಲವಾ, ಯಾರನ್ನೂ ಕೇಳಲಿಲ್ಲ."

ಸ್ಪೀಕರ್ ಹಾಕಿದ್ದರಿಂದ ಆ ಕಡೆಯ ಮಾತು ನನಗೂ ಕೇಳಿಸಿತು.

"ಹೌದಾ? ನನಗ ಫೋನ್ ಹಚ್ಚಬೇಕಿತ್ತಲ್ರಿ," ಎಂದಳು.

ಆ ದನಿಯೊಳಗಿನ ಉರಿ ನನಗೆ ಬಹಳ ಪರಿಚಯದ್ದು. ಅಂದು ಮೊದಲ ಸಲ ಅವಳು ನನಗೆ ಸ್ವಂತ ತಂಗಿಯ ಹಾಗೆ ಕಂಡಳು.