ಬೂದಿ ಹೊದ್ದ ಬೆಂಕಿ

ಗೊಬ್ನಾಟ್ ಮದುವೆಯಾಗಿ ಬಂದ ದಿನ ಅತ್ತೆ ಅವಳ ಕೈಗೆ ಮೊದಲು ಕೊಟ್ಟದ್ದು ಒಲೆಯ ಇಕ್ಕಳ. "ಈ ಬೆಂಕಿ ನನ್ನತ್ತೆಯ ಅತ್ತೆ ಹೊತ್ತಿಸಿದ್ದು. ಇದನ್ನ ನಂದಿಸಿದ ಸೊಸೆ ಅನ್ನಿಸ್ಕೋಬೇಡ," ಎಂದಿದ್ದಳು.

ಇನಿಶ್‌ಕಾರ ದ್ವೀಪದ ಹೆಂಗಸರು ಮಲಗುವ ಮುನ್ನ ಕೆಂಡ ಒಟ್ಟುಮಾಡಿ, ಬೂದಿ ಹೊದಿಸಿ, ಸಂತ ಬ್ರಿಜಿಡಳ ಹೆಸರು ಹೇಳಿ ಬೆಂಕಿಯನ್ನೂ ಮಲಗಿಸುತ್ತಿದ್ದರು; ಬೆಳಗಾದರೆ ಬೂದಿ ಸರಿಸಿ ಅದೇ ಕೆಂಡದಿಂದ ಒಲೆ ಹೊತ್ತಿಸುತ್ತಿದ್ದರು. ಬೂದಿ ತೆಳುವಾದರೆ ಕೆಂಡ ಉರಿದುಹೋಗುತ್ತದೆ, ದಪ್ಪವಾದರೆ ಉಸಿರುಗಟ್ಟುತ್ತದೆ. ಗೊಬ್ನಾಟಳ ಕೈ ಎಂದೂ ತಪ್ಪಲಿಲ್ಲ. ಮೀನಿಗೆ ಹೋದ ಗಂಡ ಹಿಂತಿರುಗದ ದಿನವೂ ಅಳುತ್ತಲೇ ಬೂದಿ ಎಳೆದಿದ್ದಳು.

ದೋಣಿಗೆ ಹುಟ್ಟು ಹಾಕುವ ಗಂಡಸರೇ ಸಾಲದಾದಾಗ ಸರ್ಕಾರ ದ್ವೀಪ ಖಾಲಿಮಾಡಿಸಲು ನಿರ್ಧರಿಸಿತು. ದ್ವೀಪದವರು 'ಐರ್ಲೆಂಡ್' ಎಂದೇ ಕರೆಯುತ್ತಿದ್ದ ಎದುರು ದಡದಲ್ಲಿ ಎಲ್ಲರಿಗೂ ಹೊಸ ಮನೆ.

ಮನೆ ಬದಲಿಸುವಾಗ ಕೆಂಡ ಮೊದಲು ಹೋಗಬೇಕು, ಸಾಮಾನು ಆಮೇಲೆ. ಅದು ಪದ್ಧತಿ. ಗೊಬ್ನಾಟ್ ಕಬ್ಬಿಣದ ಮಡಕೆಗೆ ಕೆಂಡ ತುಂಬಿ, ಮುಚ್ಚಳ ಹಾಕಿ ದೋಣಿಯ ಕಡವಿಗಿಳಿದಳು. ಈವರೆಗೆ ಮನೆ ಬದಲಿಸಿದವರೆಲ್ಲ ದ್ವೀಪದೊಳಗೇ ನಡೆದುಹೋದವರು ಎಂಬುದು ಅವಳಿಗೆ ಹೊಳೆದಿರಲಿಲ್ಲ.

ದೋಣಿಯಲ್ಲಿ ನೆರೆಮನೆಯ ಮಕ್ಕಳಿಬ್ಬರು ಕೂತಾಗಿತ್ತು. ಹುಟ್ಟು ಹಿಡಿದಿದ್ದವನು ಮೈದುನ ಟೈಗ್.

"ಅದೇನತ್ತಿಗೆ ಮಡಕೇಲಿ?"

"ಆಲೂಗಡ್ಡೆ."

"ನಿಮ್ಮ ಆಲೂಗಡ್ಡೆ ಹೊಗೆ ಬಿಡ್ತಿದ್ಯಲ್ಲ!"

"ನಿನ್ನ ಮೂಗು ಮೊದಲಿಂದ್ಲೂ ಉದ್ದ."

ಟೈಗ್ ನಗಲಿಲ್ಲ. "ಇದು ಮರದ ದೋಣಿಯಲ್ಲ ಅತ್ತಿಗೆ, ತಾರು ಬಳಿದ ಬಟ್ಟೆ. ಒಂದು ಕಿಡಿ ಸಾಕು. ಈಜೋಕೆ ನಂಗೂ ಬರಲ್ಲ, ನಿಮಗೂ ಬರಲ್ಲ."

"ಮಡಿಲಲ್ಲಿ ಇಟ್ಕೋತೀನಿ ಕಣೋ."

"ಬೆಂಕಿ ಹೊತ್ಕೊಂಡ್ರೆ ಈ ಮಕ್ಕಳನ್ನ ಎಲ್ಲಿಟ್ಕೋತೀರಿ?"

ಗೊಬ್ನಾಟ್ ಮಕ್ಕಳತ್ತ ನೋಡಿ, ಮಡಕೆಯೆತ್ತಿಕೊಂಡು ಮನೆಯತ್ತ ತಿರುಗಿದಳು.

"ಬೇಗ ಬನ್ನಿ. ಗಾಳಿ ಏಳ್ತಿದೆ."

ಗೊಬ್ನಾಟ್ ದಿಬ್ಬ ಹತ್ತಿ ಕೆಂಡವನ್ನು ಒಲೆಗೇ ಸುರಿದಳು. ಬೇರೆ ಮನೆಗಳವರು ಕೊನೆಯ ಸಲವೆಂದು ಜವುಗಿನಿಂದ ಕಡಿದು ಉರುವಲಿಗೆಂದು ಒಣಗಿಸಿದ ಹೆಂಟೆಗಳನ್ನೆಲ್ಲ ಪೇರಿಸಿ ಉರಿಹಚ್ಚಿ ಬಂದಿದ್ದರು. ಅವಳಿಗೆ ಹಾಗೆ ಮಾಡಲು ಕೈ ಬರಲಿಲ್ಲ. ಹಾಡಹಗಲಲ್ಲೇ ಬೂದಿ ಹೊದಿಸಿ, ಬ್ರಿಜಿಡಳ ಹೆಸರು ಹೇಳಿ ಬಾಗಿಲೆಳೆದಳು. ಇಕ್ಕಳ ಮಾತ್ರ ಜೊತೆಗೆ ಬಂತು.

ದೋಣಿಯಿಂದ ನೋಡಿದರೆ ಎಲ್ಲ ಹೊಗೆಗೂಡುಗಳೂ ಹೊಗೆಯಾಡುತ್ತಿದ್ದವು, ಅವಳ ಮನೆಯದೊಂದನ್ನು ಬಿಟ್ಟು.

ಹೊಸ ಮನೆಯಲ್ಲಿದ್ದದ್ದು ಬಿಳಿಯ ಕರೆಂಟ್ ಒಲೆ. ಹೊಗೆಗೂಡೇ ಇರಲಿಲ್ಲ. ಮರುದಿನ ಎಲ್ಲರೂ ಅಂಗಳದಲ್ಲಿ ನಿಂತು ದ್ವೀಪವನ್ನೇ ನೋಡುತ್ತಿದ್ದರು. ಹೊಗೆ ಒಂದೊಂದಾಗಿ ನಿಂತಿತು. ತಮ್ಮ ಮನೆಯದು ನಿಂತೊಡನೆ ಒಬ್ಬೊಬ್ಬರೂ ಅತ್ತು, ಒಳಗೆ ಹೋಗಿ ಚಹಾ ಕಾಯಿಸಿದರು. ಗೊಬ್ನಾಟ್ ನಿಂತೇ ಇದ್ದಳು.

"ಆರಿರುತ್ತೆ, ಬಿಡಿ ಅತ್ತಿಗೆ," ಎಂದ ಟೈಗ್.

"ಸರಿಯಾಗಿ ಮಲಗಿಸಿದ ಬೆಂಕಿ ಹೊಗೆಯಾಡಲ್ಲ ಕಣೋ."

"ಆರಿದ ಬೆಂಕೀನೂ ಹೊಗೆಯಾಡಲ್ಲ."

"ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀಯಾ?"

ಟೈಗ್ ಸಮುದ್ರದತ್ತ ಕೈ ತೋರಿಸಿದ. ದ್ವೀಪಕ್ಕೂ ದಡಕ್ಕೂ ನಡುವಿನ ನೀರಿನುದ್ದಕ್ಕೂ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ಆ ಗಾಳಿಗೆ ಯಾರೂ ದೋಣಿ ಇಳಿಸುವಂತಿರಲಿಲ್ಲ.

"ಬೆಳಗಾದ್ರೆ ಬೂದಿ ಸರಿಸ್ಬೇಕು," ಎಂದಳು ಗೊಬ್ನಾಟ್, ಇಕ್ಕಳವನ್ನು ಕೈಯಿಂದ ಕೈಗೆ ಬದಲಿಸುತ್ತ. ಬೆಳಗಾಗಿ ಬಹಳ ಹೊತ್ತಾಗಿತ್ತು.