ಕಲ್ಲುಸಂಕದ ಹದಿಮೂರನೆಯ ಕಲ್ಲು

ನನ್ನ ಗಂಡನ ಸೋದರಮಾವ ಬೊಂಬಾಯಿಯಲ್ಲಿ ನಲವತ್ತು ವರ್ಷ ಚಿತ್ರ ಬರೆದವರು. ಮಾಡರ್ನ್ ಆರ್ಟ್. ಇದು ಮರ, ಇದು ಮನೆ ಎಂದು ಗುರುತು ಹಿಡಿಯುವಂಥದ್ದು ಅವರ ಚಿತ್ರಗಳಲ್ಲಿ ಏನೂ ಇರುತ್ತಿರಲಿಲ್ಲ. ಬಣ್ಣದ ಚೌಕಗಳು, ನಡುವೆ ಒಂದೆರಡು ಗೆರೆ, ಅಷ್ಟೆ. ಎಂಬತ್ತರ ದಶಕದ ಆರಂಭದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಸ್ವಾಧೀನ ತಪ್ಪಿತು, ಬಲಗೈಯಲ್ಲಿ ನಡುಕ ಉಳಿಯಿತು. ಮದುವೆಯಾಗದವರು, ಅರಂತೋಡಿನ ನಮ್ಮ ಮನೆಗೆ ಕರೆತಂದೆವು. ನಾನಾಗ ಹತ್ತಿರದ ಶಾಲೆಯಲ್ಲಿ ಟೀಚರಾಗಿದ್ದೆ.

ಒಂದು ವರ್ಷ ಅವರು ಪೆನ್ಸಿಲು ಮುಟ್ಟಲಿಲ್ಲ. ಬೇಸಗೆ ರಜೆಯ ಒಂದು ಬೆಳಿಗ್ಗೆ, ನೀರುದೋಸೆ ತಿನ್ನುತ್ತಿದ್ದವರು ತಲೆಯೆತ್ತಿ, “ಆ ಕಲ್ಲುಸಂಕ ಈಗಲೂ ಉಂಟಾ?” ಎಂದು ಕೇಳಿದರು.

ಹಿಂದೆ ನಮ್ಮ ಮನೆಗೆ ಬಂದಾಗ ಅವರು ನೋಡಿದ್ದ, ಅರ್ಧ ಮೈಲಿ ದೂರದ ಹೊಳೆಯ ಹಳೆಯ ಸೇತುವೆ ಅದು. ಗಾರೆ ಹಾಕದೆ, ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ ಒಂದೇ ಕಮಾನು. ಯಾವ ಅರಸರ ಕಾಲದ್ದೆಂದು ಯಾರಿಗೂ ಗೊತ್ತಿರಲಿಲ್ಲ.

“ಉಂಟು ಮಾವ. ಎಲ್ಲರೂ ಅದರ ಮೇಲೆಯೇ ಹೋಗುದು.”

“ಹಾಗಾದ್ರೆ ನನ್ನನ್ನು ಕರ್ಕೊಂಡು ಹೋಗು. ಕಾಗದ, ಪೆನ್ಸಿಲು ತಕ್ಕೊ.”

ನೆರೆಮನೆಯ ಬ್ಯಾರಿ ವ್ಯಾಪಾರಿ ಪೇಟೆಗೆ ಹೋಗುವಾಗ ನಮ್ಮನ್ನು ಜೀಪಿನಲ್ಲಿ ಹೊಳೆಬದಿಗೆ ಬಿಟ್ಟು, ಮಧ್ಯಾಹ್ನ ಬರುವಾಗ ಹತ್ತಿಸಿಕೊಳ್ಳುತ್ತಿದ್ದರು. ಜೀಪಿನಲ್ಲಿ ತಂದ ಕುರ್ಚಿಯಲ್ಲಿ ಮಾವ ಕೂರುತ್ತಿದ್ದರು. ಕಾಗದ ಅಂಟಿಸಿದ ಹಲಗೆಯನ್ನು ನಾನು ಹಿಡಿಯುತ್ತಿದ್ದೆ. ಕೈ ನಡುಗಿ ಗೆರೆಗಳು ಅಂಕುಡೊಂಕಾಗುತ್ತಿದ್ದವು, ಆದರೆ ಆ ಕಲ್ಲುಗಳ ಅಂಚೂ ಹಾಗೆಯೇ ಇದ್ದುದರಿಂದ ಚಿತ್ರಕ್ಕೆ ಅದು ಒಪ್ಪಿಯೇ ಕಾಣುತ್ತಿತ್ತು. ಎಂಟನೆಯ ದಿನ ಮುಗಿಯಿತೆಂದು ಪೆನ್ಸಿಲು ಕೆಳಗಿಟ್ಟರು.

ಸಂಕದಡಿಯಲ್ಲಿ ದಿನಾ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬರು ಕೈ ಒರೆಸಿಕೊಳ್ಳುತ್ತಾ ನೋಡಲು ಬಂದರು. ತುಂಬ ಹೊತ್ತು ನೋಡಿದರು.

“ಇದೆಂತ ಮಾರಾಯ್ರೆ, ಕಮಾನಿಗೆ ಹನ್ನೆರಡೇ ಕಲ್ಲು? ಹದಿಮೂರು ಉಂಟಲ್ಲ. ನೆತ್ತಿಯ ಕಲ್ಲನ್ನೇ ಬಿಟ್ಟಿದ್ದೀರಿ. ಅದಿಲ್ಲದೆ ಸಂಕ ನಿಲ್ತದಾ?”

ಮಾವನಿಗೆ ಸಿಟ್ಟು ಬೇಗ. ಆದರೆ ಅವರು ಬೆರಳು ಮಡಚುತ್ತಾ ಸಂಕದ ಕಲ್ಲು ಎಣಿಸಿದರು, ಚಿತ್ರದ್ದೂ ಎಣಿಸಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಲವತ್ತು ವರ್ಷದಲ್ಲಿ ನನ್ನ ಚಿತ್ರದ ತಪ್ಪು ಹಿಡಿದದ್ದು ಇವರೊಬ್ಬರೇ! ಉಳಿದವರೆಲ್ಲ ಸುಮ್ಮನೆ ತಲೆ ಆಡಿಸಿದ್ದು.”

ಮರುದಿನ ಹೊಸ ಕಾಗದದಲ್ಲಿ ಮೊದಲಿನಿಂದ ಶುರುಮಾಡಿದರು. ಈ ಸಲ ಮುದುಕಿ ಆಗಾಗ ಒಗೆಯುವುದನ್ನು ಬಿಟ್ಟು ಬಂದು, ಯಾವ ಕಲ್ಲು ದಪ್ಪ, ಯಾವುದರ ಮೂಲೆ ಮುರಿದಿದೆ ಎಂದು ಹೇಳಿಹೋಗುತ್ತಿದ್ದರು. ಮುಗಿದ ಮೇಲೆ ಮಾವ ಚಿತ್ರವನ್ನು ಅವರಿಗೇ ಕೊಡಲು ಹೋದರು.

“ನನಗೆ ಎಂತಕ್ಕೆ? ದಿನಾ ಕಾಣುದಲ್ಲವಾ. ನೀವೇ ಇಟ್ಟುಕೊಳ್ಳಿ” ಎಂದು ಅವರು ಬಟ್ಟೆ ಹಿಂಡಲು ಹೋದರು.

ಆ ಮಳೆಗಾಲವಿಡೀ ಮಾವ ಜಗಲಿಯಲ್ಲಿ ಕುಳಿತು ನಮ್ಮ ಕೋಳಿಗಳನ್ನು, ಒರಳುಕಲ್ಲನ್ನು, ನನ್ನ ಕೊಡೆಯನ್ನು ಬಿಡಿಸಿದರು. ಬರೆದದ್ದನ್ನೆಲ್ಲ ನಮ್ಮ ಮುಂದೆ ಹಿಡಿದು ತಪ್ಪು ಹುಡುಕಲು ಹೇಳುತ್ತಿದ್ದರು. ನಾವೂ ದಾಕ್ಷಿಣ್ಯವಿಲ್ಲದೆ ಹುಡುಕುತ್ತಿದ್ದೆವು.