ಹೊರಗಿನ ಚಿಲಕ

ಕಿರುಗುಟ್ಟುವ ಬಾಗಿಲೆಂದರೆ ಬಡಗಿಗೆ ಆಗುತ್ತಿರಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದರೂ, ಡಾಕ್ಟರಿಗೆ ನಾಲಿಗೆ ತೋರಿಸುವ ಮೊದಲು ಅವರ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುವ ಆಸಾಮಿ. ಬೀದಿಯವರು ಇಟ್ಟ ಹೆಸರು ‘ಕಿರಿಕಿರಿ ಬಡಗಿ’. ಬಾಗಿಲು ಕೂಡಿಸಿ, ಮುಚ್ಚಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡಿದರೇನೇ ಅವನಿಗೆ ಕೆಲಸ ಮುಗಿದ ಸಮಾಧಾನ. ಇಂಥವನಿಗೆ ಒಂದು ಚಿಲಕ ಗಂಟಲಲ್ಲಿ ಸಿಕ್ಕಿಕೊಂಡಿತು.

ಹಾಕಿಸಿದವನು ಮರದ ಸಾಮಾನಿನ ಅಂಗಡಿಯ ಸಾಹುಕಾರ. ಬಡಗಿಯ ಮನೆಯಲ್ಲಿ ಒಲೆ ಹೊತ್ತುತ್ತಿದ್ದುದೇ ಆ ಅಂಗಡಿ ಕೊಡುವ ಕೆಲಸದಿಂದ. ಸಾಹುಕಾರನಿಗೆ ಒಬ್ಬಳು ತಂಗಿ; ವಯಸ್ಸು ನಲವತ್ತು ದಾಟಿದರೂ ಬುದ್ಧಿ ಎಳೆಯದಾಗಿಯೇ ಉಳಿದವಳು. ರಸ್ತೆಗೆ ಓಡಿಬಿಡುತ್ತಾಳೆ, ಅವಳ ಕೋಣೆಗೆ ಹೊರಗಿನಿಂದ ಒಂದು ಚಿಲಕ ಬೇಕು ಎಂದ. ಬಡಗಿ ಸರಿ ಎಂದ. ತಂಗಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು, ಅಂಗೈಯಲ್ಲಿ ಸ್ಕ್ರೂಗಳನ್ನು ಇಟ್ಟುಕೊಂಡು, ಅವನು ಕೈ ಚಾಚಿದಾಗಲೆಲ್ಲ ಒಂದೊಂದೇ ಕೊಟ್ಟಳು. ಕೊನೆಗೆ ಅವಳನ್ನು ಒಳಗೆ ಕಳಿಸಿ, ಚಿಲಕ ಎಳೆದು, ಎರಡು ಸಲ ತಟ್ಟಿದ. ಒಳಗಿನಿಂದ ಅವಳೂ ಎರಡು ಸಲ ತಟ್ಟಿ ನಕ್ಕಳು. ಬಡಗಿಯೂ ನಕ್ಕ.

ಮನೆ ತಲುಪುವಷ್ಟರಲ್ಲಿ ಆ ನಗು ಹಳಸಿತ್ತು. ಕೋಣೆಯ ಒಂದೇ ಕಿಟಕಿ ಎತ್ತರದಲ್ಲಿತ್ತು. ಒಳಗೆ ಒಂದು ಲೋಟ ನೀರೂ ಇರಲಿಲ್ಲ. ಸ್ಕ್ರೂ ಕೊಟ್ಟ ಕೈಯ ಮಣಿಕಟ್ಟು ಕಡ್ಡಿಯಂತಿತ್ತು. ಅಲ್ಲಿದ್ದಾಗ ಗಮನಕ್ಕೆ ಬಾರದ್ದೆಲ್ಲ ಈಗ ಕಣ್ಣಿಗೆ ಕಟ್ಟತೊಡಗಿತು. ತಡೆಯಲಾರದೆ ಹೆಂಡತಿಗೆ ಹೇಳಿದ.

“ಅವ್ಳು ಗಾಡಿಗೆ ಸಿಕ್ಕಿ ಸತ್ರೆ ಯಾರ್ರೀ ಹೊಣೆ? ಊರ ಉಸಾಬರಿ ನಮಗ್ಯಾಕೆ? ಆ ಅಂಗಡಿ ಕೆಲ್ಸ ಹೋದ್ರೆ ಹೊಟ್ಟೆಗೆ ತಣ್ಣೀರು ಬಟ್ಟೇನೇ ಗತಿ.”

ಅವಳ ಮಾತೇನೂ ಸುಳ್ಳಲ್ಲ. ಸಂಕಟವಿದ್ದದ್ದೇ ಅಲ್ಲಿ.

ಮರುದಿನ ಮಧ್ಯಾಹ್ನ ಅವನ ಕಾಲು ತಾನಾಗಿಯೇ ಅತ್ತ ಎಳೆಯಿತು. ಗೇಟಿಗೆ ಬೀಗ, ಸಾಹುಕಾರ, ಅವನ ಹೆಂಡತಿ ಇಬ್ಬರೂ ಅಂಗಡಿಯಲ್ಲಿ. ಹಿಂದಿನ ಓಣಿಗೆ ಹೋಗಿ, ಅಳತೆಪಟ್ಟಿ ಎತ್ತಿ ಕಿಟಕಿಯ ಮರಕ್ಕೆ ಎರಡು ಸಲ ತಟ್ಟಿದ. ಒಳಗಿನಿಂದ ಎರಡು ಸಲ ತಟ್ಟಿದ ಸದ್ದು. ಬಹುಶಃ ಊಟಕ್ಕೆ ಬರುತ್ತಾರೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೊರಟುಬಂದ. ಅದರ ಮರುದಿನ ಮತ್ತೆ ಹೋದಾಗ ಉತ್ತರ ತಡವಾಗಿ, ಮೆತ್ತಗೆ ಬಂತು. ಜೊತೆಗೆ ಒಂದು ಮಾತು: “ನೀರು.”

ಬಡಗಿ ಅಲ್ಲೇ ಓಣಿಯಲ್ಲಿ ನಿಂತು ಸಮಾಜ ಕಲ್ಯಾಣ ಕಚೇರಿಗೆ ಫೋನ್ ಮಾಡಿದ. ಫೋನ್ ಎತ್ತಿದ ಅಧಿಕಾರಿ ಹೆಂಗಸು ವಿಳಾಸ ಬರೆದುಕೊಂಡರು. ಸಾಬೀತು ಮಾಡುವುದು ನಿಮ್ಮ ತಲೆನೋವಲ್ಲ, ಅನುಮಾನವಿದ್ದರೆ ಸಾಕು, ಹೆಸರೂ ಹೊರಗೆ ಬೀಳುವುದಿಲ್ಲ ಎಂದರು. ಬಡಗಿಗೆ ಹೋದ ಉಸಿರು ಬಂದಂತಾಯಿತು. ಆಮೇಲೆ ಅವರು ಕೇಳಿದರು: “ಚಿಲಕ ಹೊರಗಡೆ ಇದೆ ಅಂತ ನಿಮಗೆ ಹೇಗೆ ಗೊತ್ತು?”

“ನಾನೇ ಹಾಕಿದ್ದು, ಮೇಡಂ.”

ಇನ್ನೆಲ್ಲಿಯ ಗುಟ್ಟು! ಅಧಿಕಾರಿ ಸಾಹುಕಾರನನ್ನು ಅಂಗಡಿಯಿಂದ ಕರೆತಂದಾಗಲೂ ಬಡಗಿ ಕಿಟಕಿಯ ಕೆಳಗೇ ನಿಂತಿದ್ದ. ಅವನನ್ನೂ ಒಳಗೆ ಕರೆದುಕೊಂಡು ಹೋಗಿ, ಬಾಗಿಲು ತೆಗೆಸಿ, ಮೊದಲು ತಂಗಿಗೆ ನೀರು ಕೊಟ್ಟರು. ಅವಳು ಚೊಂಬು ಕೆಳಗಿಡದೆ ಕುಡಿದಳು. ನಾಳೆಯಿಂದ ಹಗಲು ಹೊತ್ತು ಅವಳು ನಮ್ಮ ಕೇಂದ್ರದಲ್ಲಿರುತ್ತಾಳೆ, ನಾವು ಹೇಳದೆ ಕೇಳದೆ ಬಂದು ನೋಡುತ್ತೇವೆ, ಚಿಲಕ ಈಗಲೇ ಬಿಚ್ಚಬೇಕು ಎಂದು ಅಧಿಕಾರಿ ಕಡ್ಡಿ ಮುರಿದಂತೆ ಹೇಳಿದರು. ಸಾಹುಕಾರ ಬಡಗಿಯನ್ನು ನುಂಗುವಂತೆ ನೋಡಿ, ಇನ್ನು ಮೇಲೆ ಅಂಗಡಿ ಕಡೆ ತಲೆ ಹಾಕಬೇಡ ಎಂದ.

ಬಡಗಿ ಬಿಚ್ಚತೊಡಗಿದ. ತಂಗಿ ಬಂದು ಅಂಗೈ ಒಡ್ಡಿದಳು. ಸ್ಕ್ರೂಗಳೆಲ್ಲ ಕೈಗೆ ಬಂದ ಮೇಲೆ ಚಿಲಕವನ್ನೂ ಕಸಿದುಕೊಂಡು, ಬಾಗಿಲಿನ ಒಳಮೈಗೆ ಒತ್ತಿ ಹಿಡಿದಳು.

“ಈ ಕಡೆ ಹಾಕು.”

ಬಡಗಿ ಅಧಿಕಾರಿಯ ಮುಖ ನೋಡಿದ. ಅವರು ಸ್ವಲ್ಪ ಯೋಚಿಸಿ, ಹೊರಗಿನಿಂದ ಜೋರಾಗಿ ದೂಡಿದರೆ ಕಿತ್ತುಬರುವ ಹಾಗೆ ಹಾಕಿ ಎಂದರು. ಜನ್ಮದಲ್ಲಿ ಸಡಿಲ ಕೆಲಸ ಮಾಡದವನು ಅಂದು ಬೇಕೆಂದೇ ಸಡಿಲ ಮಾಡಿದ. ಅವಳು ಸ್ಕ್ರೂಗಳನ್ನು ಒಂದೊಂದೇ ಕೊಟ್ಟಳು. ಆಮೇಲೆ ಎಲ್ಲರನ್ನೂ ಹೊರಗೆ ಅಟ್ಟಿ, ಬಾಗಿಲು ಮುಚ್ಚಿ, ಚಿಲಕ ಎಳೆದುಕೊಂಡಳು.

ಸಾಹುಕಾರ ಅಭ್ಯಾಸಬಲದಿಂದ ಬಾಗಿಲು ದೂಡಲು ಹೋದ. ಬಡಗಿ ತೋಳು ಅಡ್ಡ ಹಿಡಿದು, ಎರಡು ಸಲ ತಟ್ಟಿದ.

“ಯಾರು?” ಎಂದಿತು ಒಳಗಿನ ದನಿ.

ಬಡಗಿ ಪಕ್ಕಕ್ಕೆ ಸರಿದ.

“ಹೇಳಿ ಸಾಹುಕಾರ್ರೇ, ನಿಮ್ಮನ್ನೇ ಕೇಳ್ತಿರೋದು.”